ಜಾಕೆಟ್ಟಿಗೆ ನೀಡಿದ ಚಹಾ

ಭಾವ ಆಗಲೇ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟಿದ್ದರು. ಗಾಳದ ಕೋಲುಗಳು ಹಿಂದಿನ ಸೀಟಿನಿಂದ ಮುಂದಕ್ಕೆ ಚಾಚಿಕೊಂಡಿದ್ದವು, ಎಂಜಿನ್ ಶುರುವಾಗಿತ್ತು. ಫ್ಲಾಸ್ಕ್ ಹಿಡಿದು ಗ್ಯಾರೇಜಿನಿಂದ ಹೊರಬಂದ ನಾನು ಅಲ್ಲೇ ನಿಂತೆ. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಮುಖ ಕಾಣುತ್ತಿತ್ತು. ಹೇಳುವುದನ್ನೆಲ್ಲ ಅವಳು ಬಂದಿಳಿದಾಗಲೇ ಹೇಳಿ ಮುಗಿಸಿದ್ದಳು.

ಅವರಿಬ್ಬರೂ ಹಿಂದಿನ ದಿನ ಹ್ಯೂಸ್ಟನ್ನಿನಿಂದ, ಆಸ್ಟಿನ್ ಪಕ್ಕದ ಲಿಯಾಂಡರಿನ ನಮ್ಮ ಮನೆಗೆ ಬಂದಿದ್ದರು. ಕಾರು ಓಡಿಸಿದ್ದು ಭಾವ. ಅಕ್ಕ ಫ್ರೀವೇ ಹತ್ತುವವಳಲ್ಲ. ಮನೆಯ ಹತ್ತಿರದ ಅಂಗಡಿಗೆ, ದೇವಸ್ಥಾನಕ್ಕೆ ಹೋಗಿಬರುವಷ್ಟು ಮಾತ್ರ ಅವಳ ಡ್ರೈವಿಂಗ್. ಇಳಿದವಳೇ ನೇರ ಅಡುಗೆಮನೆಗೆ ಬಂದು ನೀರು ಕುಡಿದಳು. ಗಂಟಲು ಕಟ್ಟಿಹೋಗಿತ್ತು.

"ದಾರಿಯುದ್ದಕ್ಕೂ ನಾನೇ ಕಣ್ಣು ಕಣೋ," ಅಂದಳು. "ಬಲಗಡೆ ಕಾರು, ಎಡಗಡೆ ಟ್ರಕ್ಕು, ಮುಂದೆ ಬ್ರೇಕ್ ಹಾಕ್ತಿದಾರೆ, ಹೀಗೇ ಕೂಗ್ಕೊಂಡು ಬಂದಿದೀನಿ. ಭಾನುವಾರ ವಾಪಸ್ ಹೋಗೋವಾಗ ಆ ಕಾರಲ್ಲಿ ಅವರ ಪಕ್ಕ ನಾನು ಕೂರಲ್ಲ. ನೀನು ಹೇಳು."

"ನೀನೇ ಹೇಳು," ಅಂದೆ.

"ನನ್ನ ಮಾತು ಕೇಳಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?"

ಭಾವನಿಗೆ ಗ್ಲಾಕೋಮಾ. ಕಿಟಕಿಯ ಪರದೆಯನ್ನು ಎರಡೂ ಬದಿಯಿಂದ ಎಳೆಯುತ್ತ ಬಂದ ಹಾಗೆ ಅವರ ನೋಟ ಕಿರಿದಾಗುತ್ತ ಬಂದಿತ್ತು. ರಾತ್ರಿ ಹೊತ್ತು ಡ್ರೈವ್ ಮಾಡಲೇಬೇಡಿ, ಹಗಲಿನಲ್ಲೂ ಬಿಟ್ಟರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಭಾವ ಅದನ್ನು ಸಲಹೆ ಎಂದು ತೆಗೆದುಕೊಂಡಿದ್ದರು. ಡಲ್ಲಾಸಿನ ಆಚೆ ಮರ್ಫಿಯಲ್ಲಿರುವ ಅವರ ಮಗನೂ ನನಗೇ ಫೋನ್ ಮಾಡಿದ್ದ. "ಮಾಮ, ಹೀ ವೋಂಟ್ ಲಿಸನ್ ಟು ಮಿ. ಯು ಟೆಲ್ ಹಿಮ್," ಅಂದು, ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟ. ಎಲ್ಲರಿಗೂ ಮೀಟಿಂಗ್ ಇರುತ್ತದೆ. ನನಗೂ ಇದ್ದವು. ಹಗಲು ಇಲ್ಲಿಯವರ ಜೊತೆ, ರಾತ್ರಿ ಬೆಂಗಳೂರಿನವರ ಜೊತೆ. ಆ ವಾರವಿಡೀ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಆದರೂ ಈ ಕೆಲಸ ಸುತ್ತಿ ಸುತ್ತಿ ನನ್ನ ತಲೆಗೇ ಬಂದು ಕೂತಿತ್ತು.

ಹೊರಗಿನವರಿಗೆ ಇದು ದೊಡ್ಡ ಕೆಲಸ ಅನ್ನಿಸಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡದೇ. ಅವರು ನಮ್ಮ ಮನೆಯ ಅಳಿಯ. ಮೈಸೂರಿನ ಛತ್ರದಲ್ಲಿ ಅಪ್ಪ ಅವರ ಕಾಲು ತೊಳೆದಾಗ ನೀರಿನ ತಂಬಿಗೆ ಹಿಡಿದು ನಿಂತಿದ್ದವನು ನಾನು. ಹೋಮದ ಮುಂದೆ ಅಕ್ಕನ ಬೊಗಸೆಗೆ ಅರಳು ಹಾಕಿದವನೂ ನಾನೇ. ಅಮ್ಮ ಕೊನೆಯವರೆಗೂ ಅವರನ್ನು 'ಅಳಿಯಂದಿರು' ಎಂದೇ ಕರೆದಳು. ಅವರು ಬಂದರೆ ಫ್ಯಾನಿನ ಕೆಳಗಿನ ಕುರ್ಚಿ ತಾನಾಗಿ ಖಾಲಿಯಾಗುತ್ತಿತ್ತು. ಅಂಥವರನ್ನು ಸೀಟು ಬಿಟ್ಟು ಇಳಿಯಿರಿ ಅನ್ನುವುದು ಹೇಗೆ? ಅವರೇನೂ ದರ್ಪದ ಮನುಷ್ಯರಲ್ಲ. ದರ್ಪವಿದ್ದಿದ್ದರೆ ಜಗಳವಾಡಿ ಕೀ ಕಿತ್ತುಕೊಳ್ಳಬಹುದಿತ್ತು.

ಅದೂ ಅಲ್ಲದೆ ನನಗೆ ಕಾರು ಕಲಿಸಿದ್ದು ಅವರು. ಈ ದೇಶಕ್ಕೆ ಬಂದ ಹೊಸದರಲ್ಲಿ ಹ್ಯೂಸ್ಟನ್ನಿನ ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ತಮ್ಮ ಹೊಸ ಕಾರಿನಲ್ಲೇ ಕಲಿಸಿದರು. ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ನಾನು ಬೆವರಿ ತೊಯ್ದು ಹೋಗುತ್ತಿದ್ದೆ. "ಅವಸರ ಬ್ಯಾಡೋ. ರಸ್ತಾ ಎಲ್ಲೂ ಓಡಿ ಹೋಗಂಗಿಲ್ಲ," ಅನ್ನುತ್ತಿದ್ದರು. ಬಂಪರನ್ನು ಲೈಟ್ ಕಂಬಕ್ಕೆ ಉಜ್ಜಿದ ದಿನವೂ ಅಷ್ಟೇ ಅಂದರು.

ಸೀಟಿನಿಂದಲೇ ಅವರು ಕರೆದರು. "ಲಗೂ ಬಾ. ಕತ್ತಲಾಗೂದ್ರಾಗ ಹೊಳಿ ಮುಟ್ಟಬೇಕು."

"ನನ್ನ ಕಾರಲ್ಲಿ ಹೋಗೋಣ ಭಾವ."

"ಎಲ್ಲಾ ಇದರಾಗ ತುಂಬೀನಲ್ಲೋ. ಬಾ, ಕೂಡು."

ಕೂತೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ. ಕಣ್ಣು ಮಂಜಾದವರ ಪಕ್ಕದಲ್ಲಿ, ಸೂರ್ಯ ಮುಳುಗುವ ಹೊತ್ತಿನಲ್ಲಿ, ಒಂದೂವರೆ ಗಂಟೆಯ ದಾರಿಗೆ, ಅಳಿಯಂದಿರಿಗೆ ಬೇಜಾರಾದೀತೆಂದು ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತ ಜಾಣ ನಾನು. ಎದುರಿಗೆ ಬರುವವರ ಜೀವಕ್ಕೂ ಬೆಲೆಯಿದೆ ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೋಗಲಿಲ್ಲ. ಆಸ್ಟಿನ್ ದಾಟುವ ಹೊತ್ತಿಗೆ ಹೋಯಿತು. ಆಗ ಅಕ್ಕ ಮಾಡಿದ್ದನ್ನೇ ನಾನೂ ಮಾಡಿದೆ. "ಭಾವ, ಎಡಗಡೆ ವ್ಯಾನು ಎಷ್ಟು ದೊಡ್ಡದಿದೆ ನೋಡಿ." "ಅಬ್ಬಾ, ಬಲಗಡೆಯಿಂದ ಎಷ್ಟೊಂದು ಕಾರು ಬರ್ತಿವೆ." ಊರು ನೋಡಲು ಬಂದವನ ಹಾಗೆ ರಸ್ತೆಯಲ್ಲಿದ್ದುದನ್ನೆಲ್ಲ ಹೊಗಳುತ್ತ ಹೋದೆ. ಭಾವ ಹೂಂ, ಹೂಂ ಅನ್ನುತ್ತ ನಿಧಾನವಾಗಿ ಓಡಿಸಿದರು. ಹಿಂದಿನವರು ಹಾರ್ನ್ ಹಾಕಿ ಹಾಕಿ ಮುಂದೆ ಹೋದರು. ಹೊಳೆಯ ದಂಡೆಯಲ್ಲಿ ಇಳಿದಾಗ ನನ್ನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ಹೊರಗೆ ಹಲ್ಲು ಕಟಕಟಿಸುವ ಚಳಿ.

ಟೆಕ್ಸಾಸಿನ ಹೊಳೆಗಳು ಟ್ರೌಟ್ ಮೀನಿಗೆ ಹೇಳಿ ಮಾಡಿಸಿದವಲ್ಲ. ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ ಅವು ಸತ್ತೇಹೋಗುತ್ತವೆ. ಆದರೆ ಗ್ವಾಡಲೂಪೆ ನದಿಯ ಅಣೆಕಟ್ಟಿನ ತಳದಿಂದ ಬರುವ ನೀರು ತಣ್ಣಗಿರುತ್ತದೆ, ಚಳಿಗಾಲ ಬಂದರೆ ಆ ನೀರಿಗೆ ಎಲ್ಲಿಂದಲೋ ತಂದ ಟ್ರೌಟುಗಳನ್ನು ಬಿಡುತ್ತಾರೆ. ಹೊರಗಿನಿಂದ ತಂದು ಬಿಟ್ಟ ಮೀನುಗಳು, ಅಣೆಕಟ್ಟಿನ ಕೆಳಗೆ ಒಂದಿಷ್ಟು ದೂರದಲ್ಲಿ ಮಾತ್ರ ಬದುಕಿಕೊಂಡಿರುತ್ತವೆ. ಭಾವ ಸಿವಿಲ್ ಎಂಜಿನಿಯರ್ ಆಗಿದ್ದವರು. ಅಣೆಕಟ್ಟು ನೋಡಲೆಂದು ಒಮ್ಮೆ ಬಂದವರು ಮೀನಿಗೆ ಅಂಟಿಕೊಂಡರು. ಅಲ್ಲಿಂದ ಪ್ರತಿ ಚಳಿಗಾಲವೂ ನನ್ನನ್ನು ಎಳೆದುಕೊಂಡು ಬರುತ್ತಿದ್ದರು.

ನಾವಿಬ್ಬರೂ ಮೀನು ತಿನ್ನುವವರಲ್ಲ. ಹಿಡಿಯುವುದು, ಬಿಡುವುದು, ಅಷ್ಟೇ. ಆಫೀಸಿನವರಿಗೆ ಹೇಳಿದರೆ ನಗುತ್ತಾರೆ, ಧಾರವಾಡದಲ್ಲಿರುವ ಭಾವನ ನೆಂಟರಿಗೆ ಹೇಳಿದರೆ ಬೈಯುತ್ತಾರೆ. ಮನೆಗೆ ವಾಪಸಾದ ಮೇಲೆ ಸ್ನಾನವಾಗದೆ ಅಡುಗೆಮನೆಗೆ ಕಾಲಿಡಬಾರದು ಎಂಬುದು ಅಕ್ಕನ ಕಾನೂನು. ಹುಳು ಚುಚ್ಚುವುದೂ ಭಾವನಿಗೆ ಆಗದು. ಅದಕ್ಕೆ ಅವರೇ ಒಂದು ಉಂಡೆ ಕಂಡುಹಿಡಿದಿದ್ದರು. ಜೋಳದ ಹಿಟ್ಟು, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಬೆಲ್ಲ, ಎಲ್ಲವನ್ನೂ ರೊಟ್ಟಿಯ ಹಿಟ್ಟಿನ ಹಾಗೆ ಬಿಸಿನೀರಿನಲ್ಲಿ ನಾದುವುದು. ನಾದುವಾಗಿನ ಅವರ ಶ್ರದ್ಧೆ ನೋಡಿದರೆ ಬೀಗರು ಊಟಕ್ಕೆ ಬರುತ್ತಿದ್ದಾರೆ ಅನ್ನಬೇಕು. ಟ್ರೌಟುಗಳಿಗೆ ಅದು ಹಿಡಿಸಿತ್ತು. ಪಕ್ಕದಲ್ಲಿ ಮೀನು ಹಿಡಿಯುವವರು ಆಗಾಗ ಬಂದು ಡಬ್ಬಿಯ ವಾಸನೆ ನೋಡಿ, ತಲೆಯಾಡಿಸಿ ಹೋಗುತ್ತಿದ್ದರು.

ಆ ಸಂಜೆ ಉತ್ತರದಿಂದ ಗಾಳಿ ಶುರುವಾಗಿತ್ತು. ಬೇರೆಯವರೆಲ್ಲ ಕತ್ತಲಾಗುತ್ತಿದ್ದಂತೆ ಸಾಮಾನು ಕಟ್ಟಿಕೊಂಡು ಹೊರಟರು. ಉಳಿದವರು ನಾವಿಬ್ಬರೇ. ಮೇಲೆ ಅಣೆಕಟ್ಟಿನ ಮೇಲಿನ ದೀಪ, ಕೆಳಗೆ ಅದರ ಮಬ್ಬು ಬೆಳಕಿನಲ್ಲಿ ಹರಿಯುವ ನೀರು. ಭಾವ ತಲೆಗೆ ಕಟ್ಟುವ ಟಾರ್ಚನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬೆಳಕು ಕಂಡರೆ ಮೀನು ಹೆದರುತ್ತವೆ ಎಂದು ಅವರು ಹೇಳುತ್ತ ಬಂದಿದ್ದರು, ನಾನು ನಂಬುತ್ತ ಬಂದಿದ್ದೆ.

ದಂಡೆಯ ಬಂಡೆಯ ಮೇಲೆ ಕೂತು, ಗಾಳವನ್ನು ನೀರಿಗೆಸೆದು, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕಾಯುವುದು ಅವರ ರೀತಿ. ತಳದಲ್ಲಿ ಮೀನು ಉಂಡೆಗೆ ಮೂಗು ತಾಗಿಸಿದರೂ ಬೆರಳಿಗೆ ಗೊತ್ತಾಗುತ್ತದಂತೆ. ನನಗೆ ಯಾವತ್ತೂ ಗೊತ್ತಾಗಿಲ್ಲ. ನನ್ನ ಬೆರಳುಗಳು ಚಳಿಗೆ ಮರಗಟ್ಟಿ ನನ್ನವೇ ಅಲ್ಲದಂತಾಗಿರುತ್ತವೆ. ಸ್ವಲ್ಪ ಹೊತ್ತಿಗೆ ಅವರ ಕೋಲು ಬಾಗಿತು. ಮೀನನ್ನು ದಂಡೆಗೆ ತಂದು, ಒದ್ದೆ ಕೈಯಲ್ಲಿ ಹೊಟ್ಟೆಯಡಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಕೊಕ್ಕೆ ತಡವಿ ಬಿಡಿಸಿ, ತಲೆ ಹರಿವಿನ ಎದುರಿಗೆ ಬರುವಂತೆ ನೀರಿನಲ್ಲಿ ಹಿಡಿದು ನಿಂತರು. ಅದಕ್ಕೆ ಉಸಿರು ಬಂದು ಕೈಬಿಟ್ಟು ಹೋಯಿತು. ಒಮ್ಮೆಯೂ ಅವರು ತಲೆ ಬಗ್ಗಿಸಿ ಮೀನಿನ ಕಡೆ ನೋಡಲಿಲ್ಲ.

ಆಗ ನನಗೆ ಹೊಳೆಯಿತು. ಹಗಲು ಹೊತ್ತು ಬಿಟ್ಟು ರಾತ್ರಿಯೇ ಬರೋಣ ಎಂದು ಭಾವ ಹಟ ಹಿಡಿಯಲು ಶುರುಮಾಡಿದ್ದು ಕೆಲವು ಚಳಿಗಾಲಗಳಿಂದ ಈಚೆಗೆ. ಮೀನು ಹೆದರುತ್ತವೆ ಎಂಬುದು ನೆಪ. ಇಲ್ಲಿ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಅವರಿಗೆ ಕಾಣದಿರುವುದೂ ಯಾರಿಗೂ ಕಾಣುವುದಿಲ್ಲ. ಇಡೀ ಟೆಕ್ಸಾಸಿನಲ್ಲಿ ಅವರು ಎಲ್ಲರಂತೆ ಇರಬಹುದಾದ ಜಾಗ ಇದೊಂದೇ. ಇಲ್ಲಿಗೆ ಅವರ ಜೊತೆ ಬಂದು, ಇಲ್ಲೇ ಹೇಳು ಎಂದು ಅಕ್ಕ ನನ್ನನ್ನು ಕಳಿಸಿದ್ದಳು.

ಕೀ ಕೊಟ್ಟಮೇಲೆ ಏನಾಗುತ್ತದೆ ಎಂಬುದು ನನಗೆ ತಿಳಿಯದ್ದಲ್ಲ. ಕಾರಿಲ್ಲದವನು ಹ್ಯೂಸ್ಟನ್ನಿನಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಇನ್ನೊಬ್ಬರ ಮುಖ ನೋಡಬೇಕು. ಯಾರ ಮನೆಗೆ ಹೋಗಬೇಕಾದರೂ ಅಕ್ಕನನ್ನು ಕೇಳಬೇಕು, ಅವಳು ಫ್ರೀವೇ ಹತ್ತುವವಳಲ್ಲ. ಈ ಹೊಳೆ ಅಂತೂ ಮುಗಿದ ಹಾಗೆಯೇ. "ಭಾವ," ಅಂದೆ.

"ಏನೋ?"

"ಏನಿಲ್ಲ. ಚಳಿ."

"ಥಂಡಿ ಇಲ್ಲದ ಟ್ರೌಟ್ ಎಲ್ಲಿ ಸಿಗತದ? ಸುಮ್ಮನ ಕೂಡು."

ಮತ್ತೆ ಸ್ವಲ್ಪ ಹೊತ್ತಿಗೆ "ಭಾವ, ಒಂದು ಮಾತು" ಅಂದೆ. ಅಷ್ಟರಲ್ಲಿ ಅವರ ಬೆರಳಿಗೆ ಏನೋ ತಾಗಿತು, ಶ್ ಅಂದರು. ಮೀನಿಗೆ ಮನಸ್ಸಿನಲ್ಲೇ ಉಪಕಾರ ಹೇಳಿದೆ. ಹೀಗೆ ಎಷ್ಟು ಸಲ ಬಾಯಿ ತೆರೆದು ಮುಚ್ಚಿದೆನೋ. ನನಗೂ ಆ ನೀರಿನಲ್ಲಿರುವ ಮೀನಿಗೂ ಏನೂ ವ್ಯತ್ಯಾಸವಿರಲಿಲ್ಲ.

ಗಾಳ ಎಳೆದುಕೊಳ್ಳಲೆಂದು ಎದ್ದವನು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿದೆ. ಬಿದ್ದದ್ದು ಮೊಣಕಾಲುದ್ದದ ನೀರಿಗೆ, ಆದರೆ ಎರಡೂ ಕೈ ಊರಿದ್ದರಿಂದ ಜಾಕೆಟ್ಟಿನ ತೋಳುಗಳು ಹೆಗಲಿನವರೆಗೆ ತೊಯ್ದವು. ಎದೆಯವರೆಗಿನ ರಬ್ಬರ್ ಪ್ಯಾಂಟು ಹಾಕಿದ್ದರಿಂದ ಉಳಿದದ್ದು ಒಣಗಿತ್ತು. ಎದ್ದು ಬಂದು ಜಾಕೆಟ್ ಬಿಚ್ಚಿ, ಭಾವನ ಹಿಂದಿದ್ದ ಸೈಪ್ರೆಸ್ ಮರದ ಮುರಿದ ಕೊಂಬೆಗೆ ಸಿಕ್ಕಿಸಿದೆ. ಕಾರಿನಲ್ಲಿ ಕಂಬಳಿ ಇದೆ, ಕೀ ಕೊಡಿ ಅಂದೆ. ಅವರು ಜೇಬಿನಿಂದ ತೆಗೆದು ಚಾಚಿದರು. ಅಷ್ಟು ಸುಲಭ. ದಿನವಿಡೀ ಕೇಳಲು ಹೆದರಿದ್ದ ವಸ್ತು ನನ್ನ ಅಂಗೈಯಲ್ಲಿತ್ತು, ಮತ್ತು ಅದನ್ನು ನಾನು ಕೇಳಿದ್ದು ಕಂಬಳಿಗಾಗಿ.

ಕಾರು ಮೇಲಿನ ದಿಬ್ಬದಲ್ಲಿತ್ತು. ಹೀಟರ್ ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತೆ. ಮಲಗಿಬಿಡೋಣ ಅನ್ನಿಸಿತು. ಹಾಗೆ ದಣಿದಿದ್ದೆ. ಅಕ್ಕನ ಮೆಸೇಜ್ ಬಂದಿತ್ತು, "ಹೇಳಿದ್ಯಾ?" ಎಂದು. ಭಾನುವಾರ ಅವರ ಕಾರನ್ನು ಹ್ಯೂಸ್ಟನ್ನಿಗೆ ನಾನೇ ಓಡಿಸಬೇಕು, ಅಲ್ಲಿಂದ ಬಸ್ಸು ಹಿಡಿದು ವಾಪಸ್ ಬರಬೇಕು, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ. ಇದೆಲ್ಲ ಲೆಕ್ಕ ಹಾಕಿ, ಉತ್ತರ ಬರೆಯದೆ, ಕಂಬಳಿ ಹೊದ್ದು ಕೆಳಗಿಳಿದೆ.

ಮರದ ಹತ್ತಿರ ಬರುವಾಗ ಭಾವನ ಮಾತು ಕೇಳಿಸಿತು. ನನ್ನ ಹೆಜ್ಜೆಯ ಸದ್ದು ಕೇಳಿಸಿತ್ತೇನೋ, ಅವರು ಬಂಡೆಯಿಂದ ಎದ್ದು, ಮರದ ಕಡೆ ತಿರುಗಿ ನಿಂತಿದ್ದರು. ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ, ಅದರಲ್ಲಿ ಹಬೆಯಾಡುವ ಚಹಾ. ಅದನ್ನು ನನ್ನ ಜಾಕೆಟ್ಟಿಗೆ ನೀಡುತ್ತಿದ್ದರು.

"ತಗೋ, ಬಿಸಿ ಅದ," ಅಂದರು. ಜಾಕೆಟ್ ಗಾಳಿಗೆ ಸ್ವಲ್ಪ ಅಲ್ಲಾಡಿತು. "ಒಂದು ಹೇಳಬೇಕಾಗಿತ್ತು ನಿನಗ. ನಿನ್ನೆ ಬರೂ ಮುಂದ ಒಂದು ಟ್ರಕ್ ನನಗ ಕಾಣಲೇ ಇಲ್ಲೋ. ಬಲಕ್ಕ ಇತ್ತಂತ. ನಿಮ್ಮಕ್ಕ ಒದರಿದ್ಲು, ಅದಕ್ಕ ಉಳಕೊಂಡ್ವಿ. ಅಕಿ ಹೇಳ್ಯಾಳೇನು ನಿನಗ?"

ಜಾಕೆಟ್ ಉತ್ತರ ಕೊಡಲಿಲ್ಲ. ನಾನು ಮರದ ಹಿಂದೆಯೇ ನಿಂತುಬಿಟ್ಟಿದ್ದೆ. ಆ ಟ್ರಕ್ಕಿನ ಸಂಗತಿಯನ್ನು ಅಕ್ಕ ನನಗೆ ಹೇಳಿರಲಿಲ್ಲ. ಅವಳ ಗಂಟಲು ಕಟ್ಟಿದ್ದು ಯಾಕೆಂದು ಈಗ ಗೊತ್ತಾಯಿತು.

ಚಹಾ ಹಿಡಿದ ಕೈ ಹಾಗೇ ಚಾಚಿಕೊಂಡೇ ಇತ್ತು. "ಸಿಟ್ಟು ಬಂತೇನೋ?" ಎಂದು ಕೇಳಿದರು, ಮೆತ್ತಗೆ.

ನನಗೆ ಅಳು ಬಂತು. ಮರದ ಹಿಂದಿನಿಂದ ಸುತ್ತಿ ಬಂದು, ಜಾಕೆಟ್ಟಿನ ಪಕ್ಕದಲ್ಲಿ ನಿಂತು, ಕೈ ಚಾಚಿ ಮುಚ್ಚಳ ತೆಗೆದುಕೊಂಡೆ. "ಇಲ್ಲ ಭಾವ. ಸಿಟ್ಟು ಯಾಕೆ," ಅಂದೆ. ಚಹಾ ಆಗಲೇ ಅರ್ಧ ಆರಿತ್ತು. ಅವರ ಮುಖ ಒಂದು ಕ್ಷಣ ಜಾಕೆಟ್ಟಿನ ಕಡೆಗೇ ಇತ್ತು, ಆಮೇಲೆ ದನಿ ಬಂದ ಕಡೆಗೆ ತಿರುಗಿತು. ಮತ್ತೆ ಬಂಡೆಯ ಮೇಲೆ ಕೂತರು.

ಆಮೇಲೆ ಮೀನು ತಾಗಲಿಲ್ಲ. ಉಳಿದ ಹಿಟ್ಟನ್ನು ಭಾವ ಸಣ್ಣ ಸಣ್ಣ ಉಂಡೆ ಮಾಡಿ ನೀರಿಗೆ ಎಸೆದರು, ಡಬ್ಬಿ ತೊಳೆದರು, ಕೋಲುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದರು. ಎಲ್ಲವನ್ನೂ ಕೈಯೇ ಮಾಡಿತು. ದಿಬ್ಬ ಹತ್ತುವಾಗ ನಾನು ಮುಂದೆ ಟಾರ್ಚ್ ಹಿಡಿದು ನಡೆದೆ, ಅವರು ನನ್ನ ಹೆಜ್ಜೆಯ ಸದ್ದಿನ ಹಿಂದೆ ಬಂದರು. ಕಾರಿನ ಹತ್ತಿರ ಬಂದಮೇಲೆ ಕೈ ಚಾಚಿದರು.

"ಕೀ ಕೊಡು."

"ನನ್ನ ಹತ್ರ ಇರಲಿ ಭಾವ. ನಾನು ಓಡಿಸ್ತೀನಿ."

"ಯಾಕ?"

ಇಷ್ಟು ಹೊತ್ತು ಹುಡುಕಿದ್ದ ಒಳ್ಳೆಯ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನಿಮಗೆ ಕಾಣಲ್ಲ ಭಾವ," ಅಂದೆ.

ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡರು.

"ಆ ಜಾಕೆಟ್ಟಿನ ಜೋಡಿ ನಾ ಭಾಳ ಹೊತ್ತು ಮಾತಾಡಿದ್ನೇನು?"

"ಇಲ್ಲ. ಸ್ವಲ್ಪ ಹೊತ್ತು."

"ಛೊಲೋ ಕೇಳತಿತ್ತು," ಅಂದರು. "ನಿನ್ಹಂಗ ನಡುವ ಬಾಯಿ ಹಾಕಲಿಲ್ಲ."

ನಾನು ನಗಬೇಕೆಂದು ಅವರು ಹಾಗೆ ಅಂದರು. ನಗಲು ಆಗಲಿಲ್ಲ. ಅವರು ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿನ ಹತ್ತಿರ ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟರು. ಹಾಗೇ ನಿಂತರು. ನಾನು ಕೈ ಹಿಡಿಯಲು ಹೋಗಲಿಲ್ಲ. ಹೋಗಿದ್ದರೆ ಅವರು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಆಮೇಲೆ ಅವರು ಬಾನೆಟ್ಟಿನ ಮೇಲೆ ಅಂಗೈ ಸವರುತ್ತ, ಹೆಡ್‌ಲೈಟಿನ ಅಂಚು, ನಂಬರ್ ಪ್ಲೇಟಿನ ಮೇಲುಭಾಗ, ಇನ್ನೊಂದು ಹೆಡ್‌ಲೈಟು, ಎಲ್ಲವನ್ನೂ ಮುಟ್ಟಿಕೊಂಡು ಮುಂದಿನಿಂದ ಸುತ್ತಿ ಆ ಕಡೆಯ ಬಾಗಿಲಿಗೆ ಹೋದರು. ದನದ ಮೈ ಸವರುವ ಹಾಗಿತ್ತು ಅದು. ಒಳಗೆ ಕೂತು ಬೆಲ್ಟ್ ಹಾಕಿಕೊಂಡರು.

ನಾನು ಸೀಟು ಮುಂದಕ್ಕೆ ಎಳೆದುಕೊಂಡೆ, ಕನ್ನಡಿ ಸರಿಮಾಡಿಕೊಂಡೆ. ಅವರಷ್ಟು ಎತ್ತರ ನಾನಿಲ್ಲ. ಕನ್ನಡಿ ತಿರುಗಿದ ಸದ್ದಿಗೆ ಅವರು ಕಿಟಕಿಯ ಕಡೆ ಮುಖ ಮಾಡಿದರು. ಹೊಳೆಯ ಪಕ್ಕದ ಸಣ್ಣ ರಸ್ತೆ ಖಾಲಿಯಿತ್ತು. ಒಂದು ಮನೆಯಲ್ಲೂ ದೀಪವಿರಲಿಲ್ಲ. ಭಾವ ಕೈಕಟ್ಟಿಕೊಂಡು ಕೂತಿದ್ದರು, ಹಿಂದೆ ಆ ಪಾರ್ಕಿಂಗ್ ಲಾಟಿನಲ್ಲಿ ಕೂರುತ್ತಿದ್ದ ಹಾಗೆಯೇ. ಕಾರಿನಲ್ಲಿ ಬೆಳ್ಳುಳ್ಳಿಯ ವಾಸನೆ ತುಂಬಿತ್ತು. ಅಕ್ಕ ಎದ್ದೇ ಇರುತ್ತಾಳೆ, ನಾನು ಡ್ರೈವರ್ ಬಾಗಿಲಿನಿಂದ ಇಳಿಯುವುದನ್ನು ನೋಡಿದರೆ ಸಾಕು, ಕೇಳಬೇಕಾದ್ದೇನೂ ಉಳಿಯುವುದಿಲ್ಲ ಎಂದುಕೊಂಡೆ. ಗೆದ್ದೆ ಎಂದು ಎಲ್ಲೂ ಅನ್ನಿಸಲಿಲ್ಲ. ಬರೀ ಸುಸ್ತು.

ದೊಡ್ಡ ರಸ್ತೆಗೆ ಸೇರುವ ಕಡೆ ಭಾವ ಒಮ್ಮೆಲೆ ನೆಟ್ಟಗೆ ಕೂತರು. "ಬಲಕ್ಕ ನೋಡು," ಅಂದರು. "ಟ್ರಕ್ ಬರ್ಲಿಕತ್ತದ."

ಬಲಗಡೆ ನೋಡಿದೆ. ಒಂದು ಬೋರ್ಡು ಇತ್ತು, ಅದರ ಹಿಂದೆ ಕಪ್ಪು ಹೊಲ. ರಸ್ತೆ ಎರಡೂ ದಿಕ್ಕಿಗೆ ಖಾಲಿ ಬಿದ್ದಿತ್ತು. ನಾನು ಬ್ರೇಕ್ ಒತ್ತಿ ಕಾರು ನಿಲ್ಲಿಸಿದೆ. ಒಂದು ಟ್ರಕ್ ದಾಟಿ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ.

"ಹೋಯ್ತು ಭಾವ," ಅಂದೆ.

"ಹಾಂ. ಈಗ ನಡಿ," ಅಂದರು.